ಬುರೈದಾದ ಮಾತು, ಅಮೆರಿಕದ ಕಾಗದ

ಅಲ್ ಖೋಬರ್
12 ಜುಲೈ 2024, ಶುಕ್ರವಾರ

ಪ್ರೀತಿಯ ಮೊಯಿದಿನಬ್ಬ ಕಾಕನಿಗೆ ತಂಗಿ ಸಫಿಯತ್‌ಳ ಸಲಾಂ.

ನಿನ್ನೆ ಫೋನಿನಲ್ಲಿ ಸಲಾಂ ಹೇಳಿ ಮುಗಿಸಿದೆನೆಂದು ಬೇಸರ ಮಾಡಬೇಡಿ. ಖರ್ಜೂರದ ಮಾರುಕಟ್ಟೆಯ ಕೂಗಿಗೆ ನಿಮ್ಮ ಒಂದು ಕಿವಿ ಹೋಗಿದೆ. ಉಳಿದ ಕಿವಿಗೆ ಈ ಸುದ್ದಿಯನ್ನು ಕಿರುಚಿ ಹೇಳಿದರೆ ನಿಮಗಿಂತ ಮೊದಲು ಪಕ್ಕದ ಫ್ಲ್ಯಾಟಿನವರಿಗೆ ತಿಳಿಯುತ್ತದೆ. ಹಾಗಾಗಿ ಎಂದಿನಂತೆ ಅಬ್ದುಲ್ಲ ಕುಂಞಿಯ ಖರ್ಜೂರದ ಲಾರಿಯಲ್ಲೇ ಕಾಗದ ಕಳಿಸುತ್ತಿದ್ದೇನೆ.

ಸುದ್ದಿ ನನ್ನ ಮಗ, ನಿಮ್ಮ ಅಳಿಯ ಝಿಯಾದನದು. ಇವರು ಮೆಂಟೆನೆನ್ಸ್ ನೋಡಿಕೊಳ್ಳುವ ಕಾಂಪೌಂಡು ನಿಮಗೆ ಗೊತ್ತಲ್ಲ, ಸೌದಿಗೆ ಕೆಲಸಕ್ಕೆ ಬಂದ ಅಮೆರಿಕನ್ನರ ಮನೆಗಳೇ ತುಂಬಿರುವುದು. ಹೋದ ವರ್ಷ ಒಂದು ಶುಕ್ರವಾರ ಝಿಯಾದ್ ಇವರ ಜೊತೆ ಅಲ್ಲಿಗೆ ಹೋಗಿದ್ದ. ಗೋಡೆಯಾಚೆಯಿಂದ ಒಂದು ಚೆಂಡು ಪಾರ್ಕಿಂಗಿಗೆ ಬಂದು ಬಿತ್ತಂತೆ. ಸುಲಿಯದ ತೆಂಗಿನಕಾಯಿಯ ಹಾಗೆ ಎರಡೂ ತುದಿ ಚೂಪು. ಇವನು ಅದನ್ನು ನೆಲಕ್ಕಿಟ್ಟು ಒದ್ದ. ಚೆಂಡು ಗೋಡೆ ದಾಟಿತು, ಮೈದಾನವನ್ನೂ ದಾಟಿ ಈಜುಕೊಳಕ್ಕೆ ಬಿತ್ತು. ಬೈಯಲು ಬಂದರೆಂದು ಇವರು ಹೆದರಿದರೆ, ಬಂದ ಇಂಜಿನಿಯರ್ ಸಾಹೇಬರು, "ಒದ್ದದ್ದು ಯಾರು? ಇನ್ನೊಮ್ಮೆ ಒದೆಯಲಿ," ಎಂದರಂತೆ. ಅಂದಿನಿಂದ ಪ್ರತಿ ಶುಕ್ರವಾರ ಅವರೇ ಅವನಿಗೆ ಗುರು.

ಅವರ ಆಟಕ್ಕೆ ಫುಟ್‌ಬಾಲ್ ಎಂದು ಹೆಸರು, ಆದರೆ ಎಲ್ಲರೂ ಚೆಂಡನ್ನು ಕೈಯಲ್ಲಿ ಹಿಡಿದೇ ಓಡುತ್ತಾರೆ. ಒದೆಯಲಿಕ್ಕೆಂದೇ ಒಬ್ಬನನ್ನು ಬೇರೆ ಇಟ್ಟುಕೊಳ್ಳುತ್ತಾರೆ. ಅವನು ಬರುತ್ತಾನೆ, ಎರಡು ಕಂಬಗಳ ನಡುವೆ ಒದೆಯುತ್ತಾನೆ, ಹೋಗಿ ಕೂರುತ್ತಾನೆ. ಸಾಹೇಬರು ಝಿಯಾದನ ವಿಡಿಯೋ ಮಾಡಿ ಅಲ್ಲಿನ ಕಾಲೇಜುಗಳಿಗೆ ಕಳಿಸಿದ್ದರು. ಹೋದ ಭಾನುವಾರ ಒಂದು ದೊಡ್ಡ ಕಾಲೇಜಿನ ಕೋಚ್ ಫೋನ್ ಮಾಡಿ, ಸ್ಕಾಲರ್‌ಶಿಪ್ ಕೊಡುತ್ತೇವೆ, ಓದು, ಊಟ, ಹಾಸ್ಟೆಲ್ ಎಲ್ಲ ನಮ್ಮದು, ಬರುತ್ತೀಯಾ ಎಂದು ಕೇಳಿದರು. ಇವನು ಬರುತ್ತೇನೆ ಎಂದ. ಸ್ಪೀಕರಿನಲ್ಲಿ ನಾವೂ ಕೇಳಿಸಿಕೊಂಡೆವು. ಫೋನ್ ಇಟ್ಟ ಮೇಲೆ ನಾನು ಅಡುಗೆಮನೆಯ ನೆಲದಲ್ಲೇ ಕೂತುಬಿಟ್ಟೆ ಕಾಕಾ.

ಒಂದು ಸಣ್ಣ ಕಾಲೇಜಿನ ಕೋಚ್ ಕೂಡ ಮೇಲ್ ಬರೆಯುತ್ತಾರೆ. ಅವರದು ಹೆಚ್ಚು ಮಾತಿಲ್ಲ, ಗಣಿತದಲ್ಲಿ ಎಷ್ಟು ಮಾರ್ಕು ಎಂದೇ ಕೇಳುವುದು. ಪರವಾಗಿಲ್ಲ, ನಮಗೆ ದೊಡ್ಡದೇ ಸಿಕ್ಕಿತಲ್ಲ.

ನನಗಿರುವ ಪ್ರಶ್ನೆ ಒಂದೇ. ಹನ್ನೆರಡನೇ ತರಗತಿಯ ಹುಡುಗನಿಗೆ ಆಗಸ್ಟ್ ಒಂದಕ್ಕಿಂತ ಮೊದಲು ಯಾವ ಕಾಲೇಜೂ ಕಾಗದದಲ್ಲಿ ಬರೆದು ಕೊಡುವಂತಿಲ್ಲವಂತೆ, ಅದು ಅಲ್ಲಿನ ನಿಯಮ. ಅಲ್ಲಿಯವರೆಗೆ ಬರೀ ಬಾಯಿಮಾತು. ಮೂವತ್ತೈದು ವರ್ಷ ಮಾರುಕಟ್ಟೆಯಲ್ಲಿ ನಿಂತವರು ನೀವು. ಬಾಯಿಮಾತನ್ನು ನಂಬಬಹುದಾ?

ಎಂದಿನಂತೆ ಆಗಸ್ಟಿನಲ್ಲಿ ಅವನು ನಿಮ್ಮಲ್ಲಿಗೆ ಬರುತ್ತಾನೆ. ಸುದ್ದಿಯನ್ನು ಯಾರಿಗೂ ಹೇಳಬೇಡಿ. ದೃಷ್ಟಿಯಾದೀತು.

ನಿಮ್ಮ ತಂಗಿ
ಸಫಿಯತ್


ಬುರೈದಾ
24 ಜುಲೈ 2024

ಸಫಿಯತ್‌ಗೆ ಕಾಕನ ಸಲಾಂ.

ಒದೆ ತಿಂದವರನ್ನು ಬೇಕಾದಷ್ಟು ಕಂಡಿದ್ದೇನೆ. ಒದ್ದು ಉಣ್ಣುವವನನ್ನು ಕಾಣುವುದು ಇದೇ ಮೊದಲು. ನಿನ್ನ ಕಾಗದವನ್ನು ಮೂರು ಸಲ ಓದಿದೆ. ಒಂದೊಂದು ಸಲವೂ ಹೊಸ ಪ್ರಶ್ನೆ ಹುಟ್ಟಿತು. ಆ ಕಂಬಗಳ ನಡುವೆ ಎಷ್ಟು ಅಗಲ? ಗಾಳಿ ಬಂದರೆ ಏನು ಮಾಡುತ್ತಾನೆ? ಬೇರೆಯವರೆಲ್ಲ ಮೈಮೇಲೆ ಬೀಳುವಾಗ ಇವನೊಬ್ಬ ಶುಭ್ರ ಬಟ್ಟೆಯಲ್ಲಿ ಕೂತಿದ್ದರೆ ಅವರಿಗೆ ಹೊಟ್ಟೆ ಉರಿಯುವುದಿಲ್ಲವಾ? ಬಂದಾಗ ಹುಡುಗನನ್ನೇ ಕೇಳುತ್ತೇನೆ.

ಬಾಯಿಮಾತಿನ ವಿಷಯ ಕೇಳಿದ್ದೀ. ನಮ್ಮ ಬಾಪ ಮಲ್ಪೆ ಬಂದರಿನ ದಕ್ಕೆಯಲ್ಲಿ ಮೀನು ಏಲಂ ಕೂಗುತ್ತಿದ್ದದ್ದು ನಿನಗೆ ನೆನಪಿರಲಿಕ್ಕಿಲ್ಲ, ನೀನು ಸಣ್ಣವಳು. ಬುಟ್ಟಿಯ ಮೇಲೆ ಕೈಯಿಟ್ಟು ಒಮ್ಮೆ ಹೇಳಿದರೆ ಮುಗಿಯಿತು, ಹಿಂದಿನಿಂದ ಬಂದವನು ಎಷ್ಟು ಕೂಗಿದರೂ ತಿರುಗಿ ನೋಡುತ್ತಿರಲಿಲ್ಲ. ಇಲ್ಲೂ ಹಾಗೆಯೇ. ಬೆಳಗಿನ ಸುಬಹ್ ನಮಾಝಿನ ನಂತರ ಸಾಲಾಗಿ ಪಿಕಪ್ಪುಗಳು ನಿಲ್ಲುತ್ತವೆ, ದಲ್ಲಾಳಿ ಕೂಗುತ್ತಾನೆ, ಕೊಳ್ಳುವವನು ಕೈ ಮುಟ್ಟುತ್ತಾನೆ. ಸಾವಿರ ಪೆಟ್ಟಿಗೆ ಸುಕ್ಕರಿ ಖರ್ಜೂರ ಹಾಗೇ ಕೈ ಬದಲಾಗುತ್ತದೆ. ಕಾಗದ ಎಲ್ಲಿಯದು? ಅಷ್ಟು ದೊಡ್ಡ ಕಾಲೇಜಿನವರು ಒಂದು ಮಾತು ಹೇಳಿದ ಮೇಲೆ ತಪ್ಪುತ್ತಾರಾ? ನಿಶ್ಚಿಂತೆಯಿಂದಿರು.

ಹುಡುಗನನ್ನು ಬೇಗ ಕಳಿಸು. ಈ ಸಲ ಬೆಳೆ ಚೆನ್ನಾಗಿದೆ.

ಮೊಯಿದಿನಬ್ಬ


ಅಲ್ ಖೋಬರ್
6 ಸೆಪ್ಟೆಂಬರ್ 2024

ಪ್ರೀತಿಯ ಕಾಕಾ,

ಝಿಯಾದ್ ಬಂದು ಹತ್ತು ದಿನವಾಯಿತು. ಬಿಸಿಲಿಗೆ ಕರಕಲಾಗಿದ್ದಾನೆ. ನೀವು ಕೊಟ್ಟ ಖರ್ಜೂರ ಅರ್ಧ ಮೆತ್ತಗೆ, ಅರ್ಧ ಗರಿಗರಿ, ನನಗೆ ಬೇಕಾದ ಹಾಗೆಯೇ ಇದೆ. ನಿಮ್ಮ ಅಂಗಡಿಯಲ್ಲಿ ಅವನಿಗೆ ಯಾವ ಮಂತ್ರ ಹಾಕಿದಿರೋ, ಈಗ ಎಲ್ಲದಕ್ಕೂ "ಮಾಮ ಹಾಗೆ ಹೇಳಿದ್ದಾರೆ, ಮಾಮ ಹೀಗೆ ಹೇಳಿದ್ದಾರೆ" ಎನ್ನುತ್ತಾನೆ. ಬೀದಿಯ ತರಕಾರಿ ಅಂಗಡಿಯಲ್ಲಿ ನಾನು ಚೌಕಾಸಿಗೆ ನಿಂತರೆ, "ಒಮ್ಮೆ ಹೂಂ ಅಂದ ಮೇಲೆ ಪುನಃ ಎಂತ ಉಮ್ಮಾ?" ಎಂದು ನನ್ನನ್ನೇ ಎಳೆದುಕೊಂಡು ಹೋಗುತ್ತಾನೆ.

ಆಗಸ್ಟ್ ಒಂದು ಕಳೆದು ತಿಂಗಳು ಮೇಲಾಯಿತು. ದೊಡ್ಡ ಕಾಲೇಜಿನಿಂದ ಕಾಗದ ಬಂದಿಲ್ಲ. ಕೇಳಿದರೆ, ನೀನು ನಮ್ಮವನೇ, ಚಿಂತೆ ಬೇಡ ಎನ್ನುತ್ತಾರೆ. ಇನ್ನೊಂದು ವಿಚಿತ್ರವೆಂದರೆ ಆ ಸಣ್ಣ ಕಾಲೇಜಿನ ಕೋಚ್ ಇದ್ದಕ್ಕಿದ್ದಂತೆ ಮಾತು ನಿಲ್ಲಿಸಿದ್ದಾರೆ. ವಾರಕ್ಕೊಂದು ಮೇಲ್ ಬರೆಯುತ್ತಿದ್ದವರು. ಏನಾಯಿತೆಂದು ಝಿಯಾದನನ್ನು ಕೇಳಿದರೆ ಷೂ ಒರೆಸುತ್ತಾ ಕೂರುತ್ತಾನೆ. ನಿಮ್ಮಲ್ಲಿದ್ದಾಗ ಏನಾದರೂ ಹೇಳಿದ್ದನಾ?

ಸಫಿಯತ್


ಬುರೈದಾ
21 ಸೆಪ್ಟೆಂಬರ್ 2024

ಸಫಿಯತ್‌ಗೆ ಸಲಾಂ.

ನಿನ್ನ ಮಗ ಕೆಲಸದವನು. ನಾಲ್ಕೇ ದಿನದಲ್ಲಿ ಬೆರಳಿನಿಂದ ಒತ್ತಿ ನೋಡಿ ಸುಕ್ಕರಿಯನ್ನು ಮೂರು ತರ ವಿಂಗಡಿಸಲು ಕಲಿತ. ಎರಡನೆಯ ವಾರ ಒಂದು ಪ್ರಸಂಗ ನಡೆಯಿತು, ಅದನ್ನು ನಿನಗೆ ಹೇಳಲೇಬೇಕು. ಒಬ್ಬ ಗಿರಾಕಿಗೆ ಇನ್ನೂರು ಪೆಟ್ಟಿಗೆ ಒಪ್ಪಿ ಕೈ ಮುಟ್ಟಿದ್ದೆ. ಅವನು ಮೂರು ದಿನ ಬಿಟ್ಟು ಎತ್ತುತ್ತೇನೆ ಎಂದ. ಅವನು ಅತ್ತ ಹೋದದ್ದೇ ಇನ್ನೊಬ್ಬ ಬಂದು ಅದೇ ಮಾಲಿಗೆ ಹೆಚ್ಚು ಬೆಲೆ ಹೇಳಿದ. ನಾನು ಆಗುವುದಿಲ್ಲ ಎಂದೆ. ಝಿಯಾದ್ ಕಣ್ಣು ಬಿಟ್ಟು ನೋಡುತ್ತಿದ್ದ. "ಮಾಮ, ಮೊದಲಿನವನು ಇಲ್ಲಿ ಇಲ್ಲವಲ್ಲ, ಅವನಿಗೆ ಹೇಗೆ ಗೊತ್ತಾಗ್ತದೆ?" ಎಂದು ಕೇಳಿದ. "ನನಗೆ ಗೊತ್ತುಂಟಲ್ಲ ಮಾರಾಯ," ಎಂದೆ. ಆಮೇಲೆ ದಿನವಿಡೀ ಅದನ್ನೇ ಯೋಚಿಸುತ್ತಿದ್ದ.

ಸಣ್ಣ ಕಾಲೇಜಿನ ಮಾತು ಬಿಡು. ದೊಡ್ಡ ಮನೆಯ ಮದುವೆಗೆ ಕರೆ ಬಂದವನು ದಾರಿಯಲ್ಲಿ ಚಹಾ ಕುಡಿಯುತ್ತಾ ನಿಲ್ಲುವುದಿಲ್ಲ.

ಇಸ್ಮಾಯಿಲ್ ಭಾವನಿಗೆ ಸಲಾಂ ಹೇಳು.

ಮೊಯಿದಿನಬ್ಬ


ಅಲ್ ಖೋಬರ್
18 ಅಕ್ಟೋಬರ್ 2024

ಕಾಕಾ,

ನೀವು ಚಹಾದ ಮಾತಿನಲ್ಲಿ ತೇಲಿಸಿಬಿಟ್ಟಿರಿ. ನನಗೆ ನೇರ ಉತ್ತರ ಬೇಕು.

ಮೊದಲು ಅಲ್ಲಿನ ಹೊಸ ಸುದ್ದಿ ಕೇಳಿ. ಇಷ್ಟು ವರ್ಷ ಅಮೆರಿಕದಲ್ಲಿ ಒಂದು ಪತ್ರ ಇತ್ತು. ಹುಡುಗ ಅದಕ್ಕೆ ಸಹಿ ಹಾಕಿದರೆ ಬೇರೆ ಕಾಲೇಜುಗಳು ಅವನನ್ನು ಮಾತನಾಡಿಸುವಂತಿರಲಿಲ್ಲ, ಕಾಲೇಜೂ ಅವನ ಒಂದು ವರ್ಷದ ಸ್ಕಾಲರ್‌ಶಿಪ್ಪಿಗೆ ಕಟ್ಟುಬೀಳುತ್ತಿತ್ತು. ಮದುವೆಗೆ ಮೊದಲಿನ ನಿಶ್ಚಯ ಇದ್ದ ಹಾಗೆ ಎಂದಿಟ್ಟುಕೊಳ್ಳಿ. ಆ ಪತ್ರವನ್ನು ಈ ತಿಂಗಳು ತೆಗೆದೇ ಹಾಕಿದ್ದಾರೆ. ಇನ್ನು ಸ್ಕಾಲರ್‌ಶಿಪ್ಪಿನ ಒಪ್ಪಂದ ಒಂದೇ, ಅದಕ್ಕೆ ಡಿಸೆಂಬರಿನಲ್ಲಿ ಸಹಿ. ಅದರ ಮೇಲೆ ಇನ್ನೊಂದು: ಅಲ್ಲೊಂದು ದೊಡ್ಡ ಕೋರ್ಟು ಕೇಸು ನಡೆಯುತ್ತಿದೆ, ಅದು ಇತ್ಯರ್ಥವಾದರೆ ಒಂದು ತಂಡದಲ್ಲಿ ನೂರೈದು ಮಂದಿಗಿಂತ ಹೆಚ್ಚು ಇರಬಾರದಂತೆ. ಈಗ ನೂರಿಪ್ಪತ್ತು, ನೂರಮೂವತ್ತು ಇದ್ದಾರೆ. ಕಡಿಮೆ ಮಾಡುವಾಗ ಮೊದಲು ಹೋಗುವವರು ಒದೆಯುವವರೇ ಎಂದು ಇಂಜಿನಿಯರ್ ಸಾಹೇಬರು ಹೇಳಿದರು. ಮೂವರು ಇದ್ದಲ್ಲಿ ಒಬ್ಬ ಸಾಕಲ್ಲ.

ಅದಕ್ಕೇ ಅವರು ಝಿಯಾದನಿಗೆ, ಸಣ್ಣ ಕಾಲೇಜಿಗೆ ಒಮ್ಮೆ ಬರೆ, ಒಂದು ಕಾಲು ಅಲ್ಲಿಯೂ ಇರಲಿ ಎಂದರು. ಇವನು ತಲೆ ತಗ್ಗಿಸಿ, "ಆಗಸ್ಟಿನಲ್ಲೇ ಬೇಡ ಅಂತ ಬರೆದಾಗಿದೆ," ಎಂದ. ಯಾರನ್ನು ಕೇಳಿ ಬರೆದೆ ಎಂದರೆ ಬಾಯಿ ಬಿಡುವುದಿಲ್ಲ. ಇವರು ಗದರಿಸಿದರು, ನಾನು ಅತ್ತೆ. ಆದರೂ ಇಲ್ಲ.

ಆಗಸ್ಟಿನಲ್ಲಿ ಅವನು ನಿಮ್ಮ ಹತ್ತಿರ ಇದ್ದ. ನಿಮಗೆ ಗೊತ್ತಿತ್ತಾ?

ಸಫಿಯತ್


ಬುರೈದಾ
2 ನವೆಂಬರ್ 2024

ಸಫಿಯತ್,

ಗೊತ್ತಿತ್ತು. ಬರೆಸಿದವನು ನಾನೇ.

ನೀನು ಓದುವಾಗ ಕೂತುಕೋ. ಆಗಸ್ಟ್ ಇಪ್ಪತ್ತರ ಸುಮಾರಿಗೆ ಆ ಸಣ್ಣ ಕಾಲೇಜಿನಿಂದ ಬಂದದ್ದು ಬರೀ ಮೇಲ್ ಅಲ್ಲ, ಕಾಗದ. ಸ್ಕಾಲರ್‌ಶಿಪ್ ಕೊಡುತ್ತೇವೆ ಎಂದು ಬರವಣಿಗೆಯಲ್ಲಿ, ಕೋಚ್ ಸಹಿ ಹಾಕಿ ಕಳಿಸಿದ್ದರು. ಹುಡುಗ ಮೊಬೈಲ್ ಹಿಡಿದುಕೊಂಡು ನಾನು ಪೆಟ್ಟಿಗೆ ಎಣಿಸುವಲ್ಲಿಗೆ ಬಂದ. "ಮಾಮ, ಇವರು ಕಾಗದವನ್ನೇ ಕಳಿಸಿದ್ದಾರೆ. ನಾನು ಎಂತ ಹೇಳ್ಲಿ?" ಎಂದು ಕೇಳಿದ. ನಾನು ತಲೆ ಎತ್ತದೆಯೇ ಹೇಳಿದೆ. "ನೀನು ಆ ದೊಡ್ಡ ಕಾಲೇಜಿನವರಿಗೆ ಬರ್ತೇನೆ ಅಂತ ಹೇಳಿದ್ದೀ. ಇನ್ನು ಬೇರೆಯವರ ಬೆಲೆ ಕೇಳುವುದೇ ತಪ್ಪು. ಇವರನ್ನು ಕಾಯಿಸುವುದು ಅದಕ್ಕಿಂತ ದೊಡ್ಡ ತಪ್ಪು. ಚೆಂದ ಮಾಡಿ ಬರೆದು ಬಿಡುಗಡೆ ಮಾಡು." ಅವನು ಆ ದಿನ ಬರೆಯಲಿಲ್ಲ. ಮರುದಿನ ಬರೆದ, ನನಗೆ ಓದಿ ಅರ್ಥ ಹೇಳಿದ. ನಿಮ್ಮಂಥವರ ಕರೆ ನನಗೆ ಗೌರವ, ಆದರೆ ಇನ್ನೊಬ್ಬರಿಗೆ ಮಾತು ಕೊಟ್ಟಿದ್ದೇನೆ, ನಿಮ್ಮ ಜಾಗ ಬೇರೆ ಹುಡುಗನಿಗೆ ಬೇಗ ಸಿಗಲಿ ಎಂದು ಈಗಲೇ ತಿಳಿಸುತ್ತಿದ್ದೇನೆ, ಹೀಗೆ. ನನಗೆ ಹೆಮ್ಮೆಯಾಯಿತು. ಅವನಿಗೆ ಆ ದಿನ ಇಲ್ಲಿನ ಕುರಿಮಾಂಸದ ಅನ್ನ, ಮಂದಿ, ತಿನ್ನಿಸಿದೆ.

ನಿನ್ನ ಹತ್ತಿರ ಯಾಕೆ ಮುಚ್ಚಿಟ್ಟೆ? ಕಾಗದದ ವಿಷಯ ತಿಳಿದರೆ ಅದನ್ನು ತಿರಸ್ಕರಿಸಲು ನೀನು ಬಿಡುತ್ತಿರಲಿಲ್ಲ, ಅದಕ್ಕೆ. ಅಮೆರಿಕದ ಬಜಾರನ್ನೂ ಬುರೈದಾದ ಬಜಾರು ಎಂದುಕೊಂಡೆ. ಅಲ್ಲಿ ಮಾತು ಎಂದರೆ ವಿಚಾರಿಸುತ್ತಿದ್ದೇವೆ ಎಂದಷ್ಟೇ ಅರ್ಥವಂತೆ. ನನಗೆ ಅದು ತಿಳಿದಿರಲಿಲ್ಲ, ತಿಳಿದುಕೊಳ್ಳಲೂ ಇಲ್ಲ.

ಡಿಸೆಂಬರಿಗೆ ಇನ್ನೂ ಒಂದು ತಿಂಗಳಿದೆ. ದುವಾ ಮಾಡುತ್ತಿದ್ದೇನೆ.

ಮೊಯಿದಿನಬ್ಬ


ಅಲ್ ಖೋಬರ್
17 ಜನವರಿ 2025

ಕಾಕಾ,

ಡಿಸೆಂಬರಿನಲ್ಲಿ ಸಹಿಗೆ ಏನೂ ಬರಲಿಲ್ಲ. ವಸಂತದಲ್ಲಿ ನೋಡೋಣ ಎಂದಿದ್ದರು. ಮೊನ್ನೆ ದೊಡ್ಡ ಕಾಲೇಜಿನಿಂದ ಫೋನ್ ಬಂತು. ಇವನಿಗೆ ಕರೆ ಕೊಟ್ಟಿದ್ದ ಕೋಚ್ ಅಲ್ಲ, ಬೇರೆ ಯಾರೋ. ನೂರೈದರ ಲೆಕ್ಕದಲ್ಲಿ ಜಾಗವಿಲ್ಲ, ಕ್ಷಮಿಸಿ ಎಂದರು. ಎರಡು ನಿಮಿಷದ ಮಾತು. ಝಿಯಾದ್ "ಥ್ಯಾಂಕ್ಯೂ ಕೋಚ್" ಎಂದು ಹೇಳಿ ಫೋನಿಟ್ಟು, ಬೋರ್ಡ್ ಪರೀಕ್ಷೆಗೆ ಓದಲು ಕೂತ. ಅವನು ಅತ್ತಿದ್ದರೆ ನನಗೆ ಸುಲಭವಾಗುತ್ತಿತ್ತು.

ಅಬ್ದುಲ್ಲ ಕುಂಞಿ ತಂದ ಪೆಟ್ಟಿಗೆಯನ್ನು ಹಿಂದೆ ಕಳಿಸಿದ್ದೇನೆ. ಸದ್ಯಕ್ಕೆ ಖರ್ಜೂರ ಬೇಡ.

ಸಫಿಯತ್


ಬುರೈದಾ
10 ಮಾರ್ಚ್ 2025, ರಮಝಾನ್ 10

ಸಫಿಯತ್‌ಗೆ ಸಲಾಂ.

ನಿನ್ನ ಕಾಗದ ಇಲ್ಲದೆ ಏಳು ವಾರ ಕಳೆಯಿತು. ಪೆಟ್ಟಿಗೆ ಹಿಂದೆ ಬಂದ ದಿನ ಅದನ್ನು ಯಾರಿಗೂ ಮಾರಲು ಮನಸ್ಸು ಬರಲಿಲ್ಲ, ಮಸೀದಿಯ ಇಫ್ತಾರಿಗೆಂದು ತೆಗೆದಿಟ್ಟೆ. ಲಾರಿ ಹತ್ತುವಾಗಲೆಲ್ಲ ಅಬ್ದುಲ್ಲ ಕುಂಞಿ, "ಕಾಗದ ಉಂಟಾ?" ಎಂದು ಕೇಳುತ್ತಾನೆ. ಇಲ್ಲ ಎನ್ನಲು ನಾಚಿಕೆಯಾಗುತ್ತದೆ. ಅದಕ್ಕೆ ನೀನು ಬರೆಯದಿದ್ದರೂ ನಾನೇ ಬರೆಯುತ್ತಿದ್ದೇನೆ.

ಕೋಪ ಮಾಡು, ನಿನ್ನ ಹಕ್ಕು. ಆದರೆ ನಾನು ಸುಮ್ಮನೆ ಕೂತಿಲ್ಲ. ನಮ್ಮ ಅಂಗಡಿಯ ಲೆಕ್ಕದ ಅಬ್ದುಲ್ ಹಕೀಮನಿಗೆ ಕಂಪ್ಯೂಟರ್ ಗೊತ್ತು. ಸಂಜೆ ಅಸರ್ ನಮಾಝ್ ಆದ ಮೇಲೆ ಅವನನ್ನು ಕೂರಿಸಿಕೊಂಡು ಅಮೆರಿಕದ ಈ ಆಟದ ನಿಯಮಗಳನ್ನೆಲ್ಲ ಓದಿಸಿಕೊಂಡೆ. ಅವನಿಗೆ ಬೇಜಾರು ಬಂದರೂ ನನಗೆ ಬರಲಿಲ್ಲ. ಏನು ವಿಚಿತ್ರ ನೋಡು. ಮೊದಲು ತಂಡದಲ್ಲಿ ಎಷ್ಟು ಮಂದಿಯೂ ಇರಬಹುದಿತ್ತು, ಸ್ಕಾಲರ್‌ಶಿಪ್ ಮಾತ್ರ ಎಂಬತ್ತೈದು ಮಂದಿಗೆ. ಈಗ ಎಲ್ಲರಿಗೂ ಸ್ಕಾಲರ್‌ಶಿಪ್ ಕೊಡಬಹುದು, ಆದರೆ ನೂರೈದರ ಮೇಲೆ ಒಂದು ತಲೆ ಹೆಚ್ಚಿರಬಾರದು. ಹುಡುಗರಿಗೆ ಒಳ್ಳೆಯದಾಗಲಿ ಎಂದು ಮಾಡಿದ ನಿಯಮವೇ ಹುಡುಗರನ್ನು ಹೊರಗೆ ಹಾಕುತ್ತಿದೆ. ಕೋರ್ಟಿನ ತೀರ್ಪು ಇನ್ನೂ ಬಂದಿಲ್ಲ, ಕಾಲೇಜುಗಳು ಈಗಲೇ ಜನ ಇಳಿಸಲು ಸುರುಮಾಡಿವೆ. ದೊಡ್ಡ ಕಾಲೇಜಿನಿಂದ ಇಳಿದವರು ಸಣ್ಣ ಕಾಲೇಜಿನ ಬಾಗಿಲಿಗೆ ಬರುತ್ತಾರೆ. ಹಾಗಾಗಿ ಅಲ್ಲಿಯೂ ನೂಕುನುಗ್ಗಲು. ಇದೆಲ್ಲ ನನಗೆ ಹೋದ ಜುಲೈಯಲ್ಲೇ ಗೊತ್ತಿರಬೇಕಿತ್ತು.

ಈ ಕಾಗದದ ಜೊತೆ ಇನ್ನೊಂದು ಹಾಳೆ ಇಟ್ಟಿದ್ದೇನೆ. ಅದು ಸಣ್ಣ ಕಾಲೇಜಿನ ಕೋಚಿಗೆ. ನನಗೆ ಇಂಗ್ಲಿಷ್ ಬಾರದು, ಝಿಯಾದ್ ಅದನ್ನು ಇಂಗ್ಲಿಷಿಗೆ ಮಾಡಿ ಕಳಿಸಲಿ. ನೀನು ಬೇಡವೆಂದರೆ ಹರಿದು ಹಾಕು, ನಾನು ಕೇಳುವುದಿಲ್ಲ.

ಮೊಯಿದಿನಬ್ಬ

(ಜೊತೆಯಲ್ಲಿದ್ದ ಹಾಳೆ)

ಕೋಚ್ ಸಾಹೇಬರಿಗೆ,

ನಾನು ಝಿಯಾದನ ತಾಯಿಯ ಅಣ್ಣ. ಸೌದಿಯಲ್ಲಿ ಖರ್ಜೂರದ ವ್ಯಾಪಾರದಲ್ಲಿದ್ದೇನೆ. ಹೋದ ಆಗಸ್ಟಿನಲ್ಲಿ ಹುಡುಗ ನಿಮ್ಮ ಕಾಗದವನ್ನು ತಿರಸ್ಕರಿಸಿದ್ದು ನನ್ನ ಮಾತು ಕೇಳಿ. ಅವನು ಇನ್ನೊಂದು ಕಾಲೇಜಿಗೆ ಬರುತ್ತೇನೆಂದು ಹೇಳಿದ್ದ. ನಮ್ಮ ಮಾರುಕಟ್ಟೆಯಲ್ಲಿ ಹೇಳಿದರೆ ಮುಗಿಯಿತು. ನಿಮ್ಮ ದೇಶದ ಪದ್ಧತಿ ವಿಚಾರಿಸದೆ ನಾನು ಬುದ್ಧಿ ಹೇಳಿದೆ. ತಪ್ಪು ನನ್ನದು, ಹುಡುಗನದಲ್ಲ. ಆ ಕಾಲೇಜು ಈಗ ಅವನನ್ನು ಬಿಟ್ಟಿದೆ. ನಿಮ್ಮಲ್ಲಿ ಜಾಗವಿದೆಯೇ ಎಂದು ಕೇಳುವ ಮುಖ ನನಗಿಲ್ಲ, ಆದರೂ ಕೇಳುತ್ತಿದ್ದೇನೆ. ಇಲ್ಲವೆಂದರೆ ಹಾಗೆಂದೇ ಬರೆಯಿರಿ. ಕಾಯಿಸಬೇಡಿ.


ಅಲ್ ಖೋಬರ್
23 ಮೇ 2025

ಪ್ರೀತಿಯ ಕಾಕಾ,

ಆ ಹಾಳೆಯನ್ನು ನಾನು ಹರಿಯಲಿಲ್ಲ. ಪರೀಕ್ಷೆ ಮುಗಿಯುವವರೆಗೆ ಕುರ್‌ಆನ್ ಇಡುವ ಕಪಾಟಿನಲ್ಲಿಟ್ಟಿದ್ದೆ, ಈದ್ ಆದ ಮೇಲೆ ಝಿಯಾದನ ಕೈಗೆ ಕೊಟ್ಟೆ. ಅವನು ಅರ್ಧ ದಿನ ಕೂತು ಇಂಗ್ಲಿಷಿಗೆ ಮಾಡಿದ. ಕನ್ನಡ ಓದಲು ತಡವರಿಸುವವನು, ಒಂದೊಂದು ಅಕ್ಷರಕ್ಕೂ ನನ್ನನ್ನು ಕರೆದ. ಆದರೆ ತಪ್ಪು ನನ್ನದು ಎಂದು ನೀವು ಬರೆದ ಸಾಲಿನ ಕೆಳಗೆ ಅವನದೇ ಒಂದು ಸಾಲು ಸೇರಿಸಿದ್ದಾನೆ. ಮಾಮ ಹೀಗೆ ಬರೆದಿದ್ದಾರೆ, ನಾನು ಒಪ್ಪುವುದಿಲ್ಲ, ಬೇಡವೆಂಬ ಆ ಮೇಲ್ ಅನ್ನು ಯೋಚಿಸಿ ಬರೆದವನು ನಾನೇ ಎಂದು. ಯಾಕೋ ಹೀಗೆ ಬರೆದೆ ಎಂದರೆ, "ಅದು ಹಾಗೆಯೇ," ಎಂದಷ್ಟೇ ಹೇಳಿದ.

ಕೋಚ್ ಆರು ವಾರ ಉತ್ತರ ಬರೆಯಲಿಲ್ಲ. ಮೊನ್ನೆ ಫೋನನ್ನೇ ಮಾಡಿದರು. ನಾನೂ ಕೇಳುತ್ತಿದ್ದೆ. ಇಪ್ಪತ್ತೆರಡು ವರ್ಷದಿಂದ ಹುಡುಗರನ್ನು ಹುಡುಕುತ್ತಿದ್ದಾರಂತೆ. ಬರಲು ಮನಸ್ಸಿಲ್ಲದ ಹುಡುಗರು ಫೋನ್ ಎತ್ತುವುದನ್ನು ನಿಲ್ಲಿಸುತ್ತಾರೆ, ಅಷ್ಟೇ, ಬೇಡ ಎಂದು ಬರೆದು ತಿಳಿಸಿದವನು ಇವನೊಬ್ಬನೇ ಅಂತೆ. ಇವನ ಮೇಲ್ ಅನ್ನು ಆಗಲೇ ತಂಡದ ಹುಡುಗರಿಗೆ ಓದಿ ಹೇಳಿದ್ದರಂತೆ. ಇಷ್ಟು ಕೇಳಿ ನನಗೆ ಸಂತೋಷವಾಗಬೇಕಿತ್ತು, ಆದರೆ ಮುಂದಿನ ಮಾತು ಕೇಳಿ. ಆ ಜಾಗ ಆಗಸ್ಟಿನಲ್ಲೇ ಬೇರೆಯವನಿಗೆ ಹೋಗಿದೆ. ಜನವರಿಗೆ ಒಂದು ಜಾಗ ತೆರವಾಗುತ್ತದೆ, ಆದರೆ ದೊಡ್ಡ ಕಾಲೇಜುಗಳಿಂದ ಇಳಿದ ಒದೆಗಾರರು ಈಗಾಗಲೇ ಒಂಬತ್ತು ಮಂದಿ ಕೇಳಿದ್ದಾರೆ, ಎಲ್ಲರೂ ಪಳಗಿದವರು. ಕೋರ್ಟಿನ ತೀರ್ಪು ಬಂದು ಲೆಕ್ಕ ಸ್ಪಷ್ಟವಾಗದೆ ಅವರ ಕಾಲೇಜು ಯಾರಿಗೂ ಕಾಗದ ಕೊಡುವುದಿಲ್ಲ. "ಆ ಜಾಗ ನಿನಗೇ. ಸದ್ಯಕ್ಕೆ ನನ್ನಲ್ಲಿರುವುದು ಮಾತು ಮಾತ್ರ. ನಿನ್ನ ಮಾವನಿಗೆ ಅದು ಸಾಕಾಗುತ್ತದಾ ಕೇಳು," ಎಂದು ನಕ್ಕರು.

ನನಗೆ ನಗು ಬರಲಿಲ್ಲ. ಮಂಗಳೂರಿನ ಕಾಲೇಜಿನಲ್ಲಿ ಝಿಯಾದನಿಗೆ ಒಳ್ಳೆಯ ಸೀಟು ಸಿಕ್ಕಿದೆ. ಜೂನ್ ಮೂವತ್ತರೊಳಗೆ ಬರುತ್ತೇನೆ ಎನ್ನಬೇಕು, ಇಲ್ಲವಾದರೆ ಸೀಟು ಬೇರೆಯವರಿಗೆ. ಪುನಃ ಒಂದು ಬಾಯಿಮಾತು ನಂಬಿ ಇದನ್ನೂ ಬಿಡಬೇಕಾ? ಇವರು ಸೀಟು ತೆಗೆದುಕೊಳ್ಳಲಿ ಎನ್ನುತ್ತಾರೆ. ಝಿಯಾದ್ ಕಾಯುತ್ತೇನೆ ಎನ್ನುತ್ತಾನೆ. ನಿಮ್ಮನ್ನು ಕೇಳಬಾರದೆಂದು ನಾಲ್ಕು ತಿಂಗಳು ಹಟ ಹಿಡಿದಿದ್ದೆ. ಈಗ ಕೇಳುತ್ತಿದ್ದೇನೆ.

ಸಫಿಯತ್


ಬುರೈದಾ
8 ಜೂನ್ 2025

ಪ್ರೀತಿಯ ಸಫಿಯತ್,

ಕೋರ್ಟಿನ ತೀರ್ಪು ಮೊನ್ನೆ ಬಂತು. ಅಬ್ದುಲ್ ಹಕೀಮ್ ಓದಿ ಹೇಳಿದ. ನೂರೈದು ಖಾಯಂ ಆಯಿತು. ನೀವೂ ನೋಡಿರುತ್ತೀರಿ.

ಮಂಗಳೂರಿನ ಸೀಟು ಬಿಡಬೇಡ. ಇದನ್ನು ಬರೆಯಲು ನನಗೆ ಎರಡು ವಾರ ಬೇಕಾಯಿತು. ಮೂವತ್ತೈದು ವರ್ಷದಲ್ಲಿ ಯಾರಿಗೂ ಹೀಗೆ ಹೇಳಿದವನಲ್ಲ ನಾನು. ಕಾಗದ ಬಂದರೆ ಅಮೆರಿಕ, ಬಾರದಿದ್ದರೆ ಮಂಗಳೂರು. ಬರೀ ಮಾತಿನ ಮೇಲೆ ಹುಡುಗನ ವರ್ಷವನ್ನು ಇಡಬೇಡ.

ಇನ್ನೊಂದು ವಿಷಯ ನಿನಗೆ ಹೇಳದೆ ಉಳಿಸಿಕೊಂಡಿದ್ದೆ. ಹೋದ ವರ್ಷ ಇನ್ನೂರು ಪೆಟ್ಟಿಗೆಯ ಕಥೆ ಬರೆದಿದ್ದೆನಲ್ಲ, ಹೆಚ್ಚು ಬೆಲೆ ಹೇಳಿದವನನ್ನು ಹಿಂದೆ ಕಳಿಸಿದ್ದು. ಅದರ ಮುಂದಿನ ಭಾಗ ಬರೆಯಲಿಲ್ಲ. ಕೈ ಮುಟ್ಟಿ ಹೋದ ಆ ಗಿರಾಕಿ ಮೂರನೆಯ ದಿನ ಬರಲಿಲ್ಲ. ನಾಲ್ಕನೆಯ ದಿನವೂ ಇಲ್ಲ. ದರ ಇಳಿದಿತ್ತು, ಅವನು ಬೇರೆ ಕಡೆ ಕೊಂಡ. ಬಿಸಿಲಿಗೆ ಮಾಲು ಮೆತ್ತಗಾಯಿತು. ಕೊನೆಗೆ ಖರ್ಜೂರದ ಪಾಕ ತೆಗೆಯುವವನಿಗೆ ಸಿಕ್ಕಿದ ಬೆಲೆಗೆ ಕೊಟ್ಟು ಕೈ ತೊಳೆದುಕೊಂಡೆ. ಝಿಯಾದನಿಗೆ ಹೇಳಲಿಲ್ಲ. ಹೇಳಿದರೆ ಕಲಿಸಿದ ಪಾಠ ಕೆಡುತ್ತದೆ ಎಂದುಕೊಂಡೆ. ಅದಾಗಿ ನಾಲ್ಕೈದು ದಿನಕ್ಕೇ ಅವನು ಆ ಕಾಗದ ತಂದು ಎಂತ ಹೇಳ್ಲಿ ಎಂದು ಕೇಳಿದ. ಆಗಲಾದರೂ ನಿಜ ಹೇಳಿದ್ದರೆ ಅವನು ಬೇರೆ ತರ ಯೋಚಿಸುತ್ತಿದ್ದನೇನೋ. ನಾನು ಪೆಟ್ಟಿಗೆ ಎಣಿಸುತ್ತಾ ದೊಡ್ಡ ಮನುಷ್ಯನ ಹಾಗೆ ಮಾತನಾಡಿದೆ. ಅವನ ಎದುರು ಸೋತವನಂತೆ ಕಾಣುವುದು ನನಗೆ ಬೇಡವಾಗಿತ್ತು, ಸಫಿಯತ್. ಇದು ನನ್ನನ್ನು ತಿನ್ನುತ್ತಿದೆ.

ಇದನ್ನು ಅವನಿಗೆ ಓದಿ ಹೇಳು. ನನ್ನ ಮೇಲಿನ ಗೌರವ ಹೋದರೆ ಹೋಗಲಿ.

ಮೊಯಿದಿನಬ್ಬ


ಅಲ್ ಖೋಬರ್
4 ಜುಲೈ 2025, ಶುಕ್ರವಾರ

ಪ್ರೀತಿಯ ಕಾಕನಿಗೆ,

ಮೊದಲು ಕಾಗದದ ಸುದ್ದಿ. ಜೂನ್ ಇಪ್ಪತ್ತೆಂಟರವರೆಗೆ ಬರಲಿಲ್ಲ. ಇವರು ಮಂಗಳೂರಿನ ಕಾಲೇಜಿಗೆ ಹುಡುಗ ಬರುತ್ತಾನೆ ಎಂದು ತಿಳಿಸಿಯೇ ಬಿಟ್ಟರು, ನೀವು ಹೇಳಿದ ಹಾಗೆ. ಝಿಯಾದ್ ಎದುರು ಮಾತನಾಡಲಿಲ್ಲ. ಆದರೆ ಅಂದೇ ಕೋಚಿಗೆ ಬರೆದ, ನನ್ನ ಮನೆಯವರು ಇಲ್ಲಿನ ಕಾಲೇಜಿಗೆ ಹೂಂ ಅಂದಿದ್ದಾರೆ, ನಿಮಗೆ ಗೊತ್ತಿರಲಿ ಎಂದು. ಮರುದಿನ ಸಂಜೆ ಕಾಗದ ಬಂತು. ಕಾಲೇಜಿನ ಮುದ್ರೆ, ಸಹಿ, ತಾರೀಖು ಎಲ್ಲ ಇತ್ತು. ಜನವರಿಯಿಂದ ಒಂದು ವರ್ಷಕ್ಕೆ, ಆಮೇಲೆ ವರ್ಷವರ್ಷ ನೋಡಿ ಮುಂದುವರಿಸುವುದು. ಒಂಬತ್ತು ಮಂದಿ ಪಳಗಿದವರನ್ನು ಬಿಟ್ಟು ಇವನನ್ನು ಯಾಕೆ ತೆಗೆದುಕೊಂಡಿರೆಂದು ಇಂಜಿನಿಯರ್ ಸಾಹೇಬರು ಕೇಳಿದ್ದಕ್ಕೆ, ಒದೆಯುವುದನ್ನು ನಾನು ಕಲಿಸಬಲ್ಲೆ ಎಂದರಂತೆ ಕೋಚ್.

ಝಿಯಾದ್ ಸಹಿ ಹಾಕಿದ. ಎದ್ದು ಮಂಗಳೂರಿನ ಕಾಲೇಜಿಗೆ ಇನ್ನೊಂದು ಮೇಲ್ ಬರೆಯಲು ಕೂತ. ಇವರು, "ಎಂತಕ್ಕೆ ಮಾರಾಯ? ಹೋಗದಿದ್ದರೆ ಅವರಿಗೇ ಗೊತ್ತಾಗ್ತದೆ," ಎಂದರು. ಅವನು, "ಇನ್ನೂ ಒಂದು ದಿನ ಉಂಟಲ್ಲ ಉಪ್ಪಾ, ಆ ಸೀಟು ಬೇರೆ ಯಾರಿಗಾದರೂ ಸಿಗ್ತದೆ," ಎಂದ. ಬರೆದು ಮುಗಿಸಿಯೇ ಊಟಕ್ಕೆ ಬಂದ.

ಊಟವಾದ ಮೇಲೆ ನಿಮ್ಮ ಕಾಗದ ಓದಿ ಹೇಳಿದೆ. ಇಷ್ಟು ದಿನ ಅದನ್ನು ಅವನ ಎದುರು ಓದಲು ನನಗೇ ಧೈರ್ಯ ಬಂದಿರಲಿಲ್ಲ. ಇನ್ನೂರು ಪೆಟ್ಟಿಗೆಯ ಭಾಗವನ್ನೂ ಬಿಡದೆ ಓದಿದೆ. ಅವನು ತಲೆ ಎತ್ತಿ ನೋಡಿ, "ಅದು ನನಗೆ ಗೊತ್ತುಂಟು ಉಮ್ಮಾ," ಎಂದ. "ಆ ಪೆಟ್ಟಿಗೆಗಳನ್ನು ಪಾಕದವನ ಗಾಡಿಗೆ ತುಂಬಿಸಿದ್ದು ನಾನು ಮತ್ತು ಅಬ್ದುಲ್ಲ ಕುಂಞಿಚ್ಚ. ಮಾಮ ಆಗ ಮಸೀದಿಗೆ ಹೋಗಿದ್ದರು. ಕುಂಞಿಚ್ಚ ಎಲ್ಲ ಹೇಳಿದರು."

ಕಾಕಾ, ಸಣ್ಣ ಕಾಲೇಜಿನ ಕಾಗದ ಬರುವ ಮೊದಲೇ ಅವನಿಗೆ ಅದು ಗೊತ್ತಿತ್ತು. ಬಾಯಿಮಾತು ತಪ್ಪುತ್ತದೆ ಎಂದು ಗೊತ್ತಿದ್ದೂ ಆ ಮೇಲ್ ಬರೆದಿದ್ದಾನೆ. "ಮತ್ತೆ ಯಾಕೋ ಬರೆದೆ?" ಎಂದು ಕೇಳಿದೆ.

"ಅದಕ್ಕೇ ಆ ದಿನ ಬರೆಯದೆ ಒಂದು ದಿನ ಕಾದದ್ದು. ಮರುದಿನ ಮಾಮ ಬಜಾರಿನಲ್ಲಿ ಎಂತ ಮಾಡ್ತಾರೆ ನೋಡುವ ಅಂತ. ಅಷ್ಟು ನಷ್ಟ ಆದ ಮೇಲೂ ಅವರು ಪುನಃ ಕೈ ಮುಟ್ಟಿಯೇ ವ್ಯಾಪಾರ ಮಾಡಿದರು."

ಎಂಟು ತಿಂಗಳು ನಿಮ್ಮ ಮೇಲೆ ಕೋಪ ಹೊತ್ತು ತಿರುಗಿದೆ. ಆ ಭಾರವನ್ನು ಇಂದು ಇಳಿಸಿದೆ. ನನ್ನನ್ನು ಮಾಫ್ ಮಾಡಿ.

ಜನವರಿಯವರೆಗೆ ಅವನಿಗೆ ಇಲ್ಲಿ ಕೆಲಸವಿಲ್ಲ. ಆಗಸ್ಟಿನ ಮೊದಲ ವಾರ ಅಬ್ದುಲ್ಲ ಕುಂಞಿಯ ಲಾರಿಯಲ್ಲೇ ಬರುತ್ತಾನೆ. ತೆಂಗಿನಕಾಯಿ ಚೆಂಡನ್ನೂ ತರುತ್ತಾನೆ, ಅವನ ಕೈಯಲ್ಲಿ ಎರಡು ಕಂಬ ನೆಡಿಸಿ, ನಡುವೆ ಎಷ್ಟು ಅಗಲವೆಂದು ನೀವೇ ಅಳೆದು ನೋಡಿ. ಲಾರಿ ಇತ್ತ ಬರುವಾಗ ನನ್ನ ಖರ್ಜೂರದ ಪೆಟ್ಟಿಗೆ ಅದರಲ್ಲಿರಬೇಕು. ಅರ್ಧ ಮೆತ್ತಗೆ, ಅರ್ಧ ಗರಿಗರಿ.

ನಿಮ್ಮ ತಂಗಿ
ಸಫಿಯತ್